ಸೀರೆಯ ಅಂಚು ಗುರುತು ಹಿಡಿಯುವ ಮಗನಿಗೆ ಮಾತು ಯಾಕೆ ಕೂಡಿಬರುತ್ತಿಲ್ಲ?

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಗೆ ಹೊಂದಿಕೊಂಡೇ ನಾಲ್ಕು ಪವರ್‌ಲೂಮ್ ಇವೆ. ಮಗನಿಗೆ 4 ವರ್ಷ 2 ತಿಂಗಳು. ಎರಡು ವರ್ಷ ತುಂಬಿದ ಮೇಲೆ ಮೊದಲ ಮಾತು ಬಂತು. ಈಗಲೂ ಎರಡು-ಮೂರು ಶಬ್ದ ಸೇರಿಸಿ ಹೇಳುತ್ತಾನೆ, ಅಷ್ಟೇ. ‘ಅಪ್ಪ ಅಂಗಡಿ ಹೋಗು’ ಅಂದರೆ ಅಪ್ಪ ಅಂಗಡಿಗೆ ಹೋದ ಅಂತಲೂ ಆಗಬಹುದು, ಹೋಗಲಿ ಅಂತಲೂ ಆಗಬಹುದು. ಅಂಗನವಾಡಿಯಲ್ಲಿ ಕಥೆ ಹೇಳಿದರೆ ಎದ್ದು ಹೋಗುತ್ತಾನಂತೆ. ಆದರೆ ಜಾಣ. ನೂಲು ಸುತ್ತಿದ ಕಂಡಿಕೆಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಾನೆ. ಹತ್ತು ಸೀರೆ ಹರವಿಟ್ಟರೆ ಒಂದೇ ಅಂಚಿನವನ್ನು ಆರಿಸಿ ಕೊಡುತ್ತಾನೆ. ಡಿಸೈನ್ ತಪ್ಪಿದ ಕಡೆ ಬೆರಳಿಟ್ಟು ನನ್ನ ಮುಖ ನೋಡುತ್ತಾನೆ. ಇಷ್ಟು ತಿಳಿಯುವ ಹುಡುಗನಿಗೆ ಮಾತು ಯಾಕೆ ಬರುತ್ತಿಲ್ಲ? ನನ್ನ ತವರು ಮಿರಜ. ಅವನ ಜೊತೆ ನಾನು ಮರಾಠಿ, ಮನೆಯವರೆಲ್ಲ ಕನ್ನಡ. ಎರಡು ಭಾಷೆಯಿಂದಲೇ ಹೀಗಾಗಿದೆ, ಮರಾಠಿ ಬಿಡು ಅನ್ನುತ್ತಾರೆ. ಅತ್ತೆಯವರು ಬಜೆ ತೇಯ್ದು ನೆಕ್ಕಿಸುತ್ತಿದ್ದಾರೆ. ಗಂಡುಹುಡುಗರು ಮಾತಾಡುವುದೇ ತಡ, ಕಾಯಿರಿ ಅನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಕಾಯಬೇಡಿ. ಮರಾಠಿ ಬಿಡಬೇಡಿ. ಈ ತಿಂಗಳಲ್ಲೇ ಮಗನ ಕಿವಿ ಪರೀಕ್ಷೆ ಮಾಡಿಸಿ. ಉಳಿದದ್ದನ್ನು ಮಗ್ಗ ನಿಂತ ಹೊತ್ತಿನಲ್ಲಿ ಸಾವಕಾಶ ಓದಿ.

ಬೆಳಗಾವಿಯಲ್ಲಿ ನನ್ನ ಹತ್ತಿರ ಬರುವ ತಾಯಂದಿರು ಮಗುವಿಗೆ ಏನು ಬರುವುದಿಲ್ಲ ಎಂಬುದನ್ನೇ ಹೇಳುತ್ತಾ ಹೋಗುತ್ತಾರೆ. ನೀವು ಏನು ಬರುತ್ತದೆ ಎಂಬುದನ್ನೂ ಬರೆದಿದ್ದೀರಿ. ಡಿಸೈನ್ ತಪ್ಪಿದ ಕಡೆ ಬೆರಳಿಟ್ಟು ‘ನನ್ನ ಮುಖ ನೋಡುತ್ತಾನೆ’ ಎಂದಿದ್ದೀರಲ್ಲ, ಆ ಮೂರು ಶಬ್ದ ನನಗೆ ಬಹಳ ಹೇಳಿದವು. ತಾನು ಕಂಡದ್ದನ್ನು ನಿಮಗೂ ತೋರಿಸಬೇಕು ಎಂಬ ಆಸೆ ಅವನಿಗಿದೆ. ಮಾತಿಗೆ ಬೇಕಾದ ನಂಟು ಗಟ್ಟಿಯಾಗಿದೆ, ತೊಡಕು ಇರುವುದು ಮಾತಿನ ನೇಯ್ಗೆಯಲ್ಲಿ.

ಮಾತು ಕಲಿಯುವುದೆಂದರೆ ಶಬ್ದಗಳನ್ನು ಒಂದೊಂದಾಗಿ ಕೂಡಿಟ್ಟುಕೊಳ್ಳುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಎಳೆಗೂಸಿಗೆ ಮೊದಲು ಎದುರಾಗುವ ಕಷ್ಟವೇ ಬೇರೆ: ಒಂದು ಶಬ್ದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು? ಬರೆಯುವಾಗ ನಡುವೆ ಜಾಗ ಬಿಡುತ್ತೇವೆ, ಆಡುವಾಗ ಬಿಡುವುದಿಲ್ಲ. ‘ಹಾಲುಕುಡದುಹೊರಗಹೋಗು’ ಎಂದು ಒಂದೇ ಉಸಿರಿನಲ್ಲಿ ಹರಿದುಹೋಗುತ್ತದೆ. ಕೂಸಿನ ಕಿವಿ ಇದನ್ನು ಬಿಡಿಸುವುದು ಒಂಥರ ಲೆಕ್ಕದಿಂದ. ‘ಹಾ’ ಆದಮೇಲೆ ‘ಲು’ ಮತ್ತೆ ಮತ್ತೆ ಬರುತ್ತದೆ. ‘ಲು’ ಆದಮೇಲೆ ಮಾತ್ರ ಏನು ಬೇಕಾದರೂ ಬರಬಹುದು: ಹಾಲು ಕುಡಿ, ಹಾಲು ಬೇಕು, ಹಾಲು ಚೆಲ್ಲಿತು, ಹಾಲು ತಾ. ಬಿಡದೆ ಜೊತೆಗೇ ಬರುವ ‘ಹಾಲು’ ಒಂದು ತುಂಡು. ಅದರ ಮುಂದೆ ಕೊಂಡಿ ಸಡಿಲ. ಇದನ್ನು ಯಾರೂ ಕಲಿಸುವುದಿಲ್ಲ, ಕೂಸಿಗೂ ತಾನು ಕಲಿಯುತ್ತಿರುವುದು ಗೊತ್ತಿರುವುದಿಲ್ಲ.

ಇದನ್ನು 1996ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಜೆನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸಾ ನ್ಯೂಪೋರ್ಟ್ ಮೂವರೂ ಸೇರಿ ತೋರಿಸಿಕೊಟ್ಟರು. 8 ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ನಾಲ್ಕು ಶಬ್ದಗಳನ್ನು, ‘ಗೋಲಾಬು’, ‘ಬಿಡಾಕು’ ಇಂಥವನ್ನು, ಹಿಂದೆ ಮುಂದೆ ಮಾಡಿ, ನಡುವೆ ಒಂದಿಷ್ಟೂ ಬಿಡುವಿಲ್ಲದೆ, ಏರಿಳಿತವಿಲ್ಲದ ಯಂತ್ರದ ದನಿಯಲ್ಲಿ ಕೇಳಿಸಿದರು. (ನಮ್ಮ ಕಡೆಯ ಕಿವಿಗೆ ‘ಬಿಡಾಕು’ ಅರ್ಧ ಕನ್ನಡದಂತೆಯೇ ಇದೆ, ಇರಲಿ.) ಕೇಳಿಸಿದ್ದು ಬರೇ 2 ನಿಮಿಷ. ಅಷ್ಟರಲ್ಲಿ ಕೂಸುಗಳಿಗೆ ಯಾವ ಅಕ್ಷರಗಳು ಒಂದು ಶಬ್ದಕ್ಕೆ ಸೇರಿದವು, ಯಾವು ಎರಡು ಶಬ್ದಗಳ ಸಂದಿಯಲ್ಲಿ ಸುಮ್ಮನೆ ಅಕ್ಕಪಕ್ಕ ಬಂದವು ಎಂಬುದು ಬೇರೆಯಾಗಿ ಕೇಳಿಸತೊಡಗಿತ್ತು. ಮಾದರಿ ಹಿಡಿಯುವ ಈ ಕಲಿಕೆಯನ್ನೇ ಪರಿಣತರು ಅಂಕಿಸಂಖ್ಯೆಯ ಕಲಿಕೆ ಎನ್ನುತ್ತಾರೆ.

ಶಬ್ದ ಸಿಕ್ಕಿದರೆ ಕೆಲಸ ಮುಗಿಯಲಿಲ್ಲ. ಕನ್ನಡದಲ್ಲಿ ಅಸಲಿ ಕೆಲಸವೆಲ್ಲ ಶಬ್ದದ ಬಾಲದಲ್ಲಿದೆ. ಮನಿ, ಮನಿಗಿ, ಮನ್ಯಾಗ, ಮನಿಯಿಂದ. ಬಂದ, ಬಂದ್ಳು, ಬಂದ್ರು, ಬಂತು. ಒಂದು ‘ಗಿ’, ಒಂದು ‘ಳು’, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಸದ್ದು, ಆದರೆ ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ. ಮೂರು ವರ್ಷದ ಕೂಸು ‘ಕೊಟ್ಟೆ’ ಎನ್ನುವ ಬದಲು ‘ಕೊಡಿದೆ’ ಅಂದರೆ ಮನೆಮಂದಿ ನಗುತ್ತಾರೆ, ನನಗೆ ಮಾತ್ರ ಖುಷಿಯಾಗುತ್ತದೆ. ‘ಕೊಡಿದೆ’ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹಾಡಿದೆ, ಓಡಿದೆ, ನೋಡಿದೆ ಕೇಳಿ ಕೇಳಿ ಒಂದು ಅಚ್ಚು ಮಾಡಿಕೊಂಡು ‘ಕೊಡು’ವನ್ನೂ ಅದರಲ್ಲಿ ಒತ್ತಿದೆ. 1958ರಲ್ಲಿ ಜೀನ್ ಬರ್ಕೋ ಎಂಬ ಸಂಶೋಧಕಿ ಮಕ್ಕಳಿಗೆ ಹಕ್ಕಿಯಂಥ ಒಂದು ಚಿತ್ರ ತೋರಿಸಿ, ಅದಕ್ಕೆ ‘ವಗ್’ ಎಂದು ಇಲ್ಲದ ಹೆಸರಿಟ್ಟು, ಇವು ಎರಡಾದರೆ ಏನನ್ನಬೇಕು ಎಂದು ಕೇಳಿದರು. ಎಂದೂ ಕೇಳದ ಶಬ್ದಕ್ಕೂ ಮಕ್ಕಳು ಇಂಗ್ಲಿಷಿನ ಬಹುವಚನದ ಬಾಲ ಸರಿಯಾಗಿ ಹಚ್ಚಿದರು. ಅಚ್ಚು ಒಳಗೆ ತಯಾರಾಗಿದ್ದರಿಂದಲೇ ಅದು ಸಾಧ್ಯವಾಯಿತು.

ಈಗ ನಿಮ್ಮ ಮಗನ ಮಾತು ನೋಡೋಣ. ‘ಅಪ್ಪ ಅಂಗಡಿ ಹೋಗು.’ ಅದರಲ್ಲಿ ‘ಕೊಡಿದೆ’ಯಂಥ ತಪ್ಪಿಲ್ಲ, ಬಾಲಗಳೇ ಇಲ್ಲ. ಶಬ್ದಗಳು ಬಂದಿವೆ, ಸಾಲೂ ಸರಿಯಿದೆ, ಅಂಗಡಿಯ ‘ಗಿ’ ಇಲ್ಲ, ಹೋಗುವ ಕ್ರಿಯೆಗೆ ಕಾಲವೂ ಇಲ್ಲ, ಯಾರು ಹೋದದ್ದು ಎಂದು ಹೇಳುವ ಬಾಲವೂ ಇಲ್ಲ. ಮತ್ತೆ ‘ಹೋಗು’ ಎಂಬ ರೂಪವೇ ಯಾಕೆ? ಕನ್ನಡದಲ್ಲಿ ಹೆಚ್ಚಿನ ಕ್ರಿಯಾಪದಗಳಿಗೆ ಅಪ್ಪಣೆಯ ರೂಪವೂ ಧಾತುವೂ ಒಂದೇ. ಹೋಗು, ಬಾ, ತಾ, ಇಡು, ಸರಿ: ಮಕ್ಕಳಿಗೆ ದಿನವಿಡೀ ಬೀಳುವುದು ಇವೇ. ಅವನ ಕಿವಿಗೆ ಹೆಚ್ಚು ಸಲ ಬಿದ್ದ ಆಕಾರವನ್ನು ಅವನು ಹಿಡಿದುಕೊಂಡಿದ್ದಾನೆ. ಅಪರೂಪಕ್ಕೆ ಬೀಳುವ, ಸಣ್ಣಗೆ ಕೇಳಿಸುವ ರೂಪಗಳು ಇನ್ನೂ ಕೈಗೆ ಸಿಕ್ಕಿಲ್ಲ.

ಹಾಗಾದರೆ ಅಂಚಿನ ಡಿಸೈನ್ ಹಿಡಿಯುವ ಬುದ್ಧಿ ಇಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ? ಬಟ್ಟೆ ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಸೀರೆಯ ಅಂಚನ್ನು ಅವನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಕಣ್ಣು ಹಿಂದಕ್ಕೆ ಒಯ್ದು ಮತ್ತೊಮ್ಮೆ ತಾಳೆ ನೋಡಬಹುದು, ಬೆರಳಿಡಬಹುದು. ‘ಬಂದ್ಳು’ವಿನ ‘ಳು’ ಬಂದ ಹೊತ್ತಿಗೇ ಹೋಗಿರುತ್ತದೆ. ಅಷ್ಟರಲ್ಲಿ ಮುಂದಿನ ಮಾತು ಬಂದು ಅದರ ಮೇಲೆ ಕೂತಿರುತ್ತದೆ. ಮೇಲಾಗಿ ಮಾದರಿಗಳು ಯಾವಾಗಲೂ ಪಕ್ಕಪಕ್ಕದಲ್ಲೇ ಇರುವುದಿಲ್ಲ. ‘ಅವ್ವ ಸಂತ್ಯಾಗಿಂದ ಬದನಿಕಾಯಿ ತಗೊಂಡು ಬಂದ್ಳು’ ಎಂಬಲ್ಲಿ ‘ಅವ್ವ’ನಿಗೂ ‘ಳು’ವಿಗೂ ಇರುವ ನಂಟು ಇಡೀ ವಾಕ್ಯದ ಉದ್ದಕ್ಕೆ ಚಾಚಿದೆ. ಆ ಎಳೆಯನ್ನು ಕೊನೆಯವರೆಗೆ ಹಿಡಿದುಕೊಂಡೇ ಇರಬೇಕು.

ಮಾದರಿ ಹಿಡಿಯುವ ಶಕ್ತಿ ತಲೆಯೊಳಗಿನ ಒಂದೇ ಪೆಟ್ಟಿಗೆ ಅಲ್ಲ, ಕಣ್ಣಿನದು ಬೇರೆ, ಕಿವಿಯದು ಬೇರೆ ಎಂಬ ಕಡೆಗೇ ಇತ್ತೀಚಿನ ಸಾಕ್ಷ್ಯ ವಾಲುತ್ತಿದೆ. ಭಾಷಾ ತೊಂದರೆ ಇರುವ ಮಕ್ಕಳು ಕಿವಿಯಿಂದ ಮಾದರಿ ಹಿಡಿಯುವುದರಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಂಡಿದೆ. ಕಣ್ಣಿನ ವಿಷಯದಲ್ಲಿ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಹಾಗಾಗಿ ನಿಮ್ಮ ಮಗ ಸೀರೆಯಲ್ಲಿ ಜಾಣ, ಮಾತಿನಲ್ಲಿ ಸೋಮಾರಿ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಇವು ಎರಡು ಬೇರೆ ಕೆಲಸಗಳು.

ಇನ್ನೊಂದು ಸಂಗತಿ ನಿಮ್ಮ ಮನೆಯವರಿಗೆ ಬೇಗ ತಿಳಿಯುತ್ತದೆ. ಎಳೆ ಹರಿದಾಗ ಗಂಟು ಹಾಕುತ್ತಾರಲ್ಲ, ಅದನ್ನು ಹೇಗೆ ಹಾಕಿದಿರಿ ಎಂದು ಕೇಳಿ ನೋಡಿ. ‘ಹಿಂಗ ನೋಡ್ರಿ’ ಎಂದು ಮಾಡಿ ತೋರಿಸುತ್ತಾರೆಯೇ ಹೊರತು ಬಾಯಿಂದ ಹೇಳಲಾರರು. ಅದು ಬೆರಳಿಗೆ ಗೊತ್ತು. ವ್ಯಾಕರಣವೂ ಹೆಚ್ಚುಕಡಿಮೆ ಹಾಗೆಯೇ. ಅಮೆರಿಕದ ಮೈಕಲ್ ಉಲ್ಮನ್ ಮತ್ತು ಎಲಿಜಬೆತ್ ಪಿಯರ್‌ಪಾಂಟ್ 2005ರಲ್ಲಿ ಮುಂದಿಟ್ಟ ವಾದ ಇದೇ: ಈ ಮಕ್ಕಳಲ್ಲಿ ಎಡವುತ್ತಿರುವುದು ಮಾಡಿ ಮಾಡಿ ಅರಿವಿಲ್ಲದೆ ರೂಢಿಯಾಗುವ ಕಲಿಕೆ, ಹೆಸರು, ಸಂಗತಿಗಳನ್ನು ನೆನಪಿಡುವ ಕಲಿಕೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಇದೊಂದರಿಂದಲೇ ಎಲ್ಲವನ್ನೂ ವಿವರಿಸಬಹುದು ಎಂದು ನಾನು ನಂಬುವುದಿಲ್ಲ. ಮಕ್ಕಳು ಅಷ್ಟು ಒಂದೇ ತರಹ ಇರುವುದಿಲ್ಲ. ಆದರೆ ಶಬ್ದಗಳು ಬಂದರೂ ಬಾಲ ಬಾರದ ನಿಮ್ಮ ಮಗನಂಥ ಮಕ್ಕಳನ್ನು ನೋಡಿದಾಗ ಈ ವಾದ ನೆನಪಾಗುತ್ತದೆ.

ಇದಕ್ಕೆ ಹೆಸರಿದೆಯೇ? ಇದೆ: ಬೆಳವಣಿಗೆಯ ಭಾಷಾ ತೊಂದರೆ, ವೈದ್ಯರು ಬರೆಯುವುದು ಡಿಎಲ್‌ಡಿ. ಬ್ರಿಟನ್ನಿನ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ 50ಕ್ಕೂ ಹೆಚ್ಚು ತಜ್ಞರು 2016-17ರಲ್ಲಿ ಒಮ್ಮತಕ್ಕೆ ಬಂದು ಈ ಹೆಸರನ್ನು ನಿಲ್ಲಿಸಿದರು. ಅದಕ್ಕೂ ಮುಂಚೆ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಕಿವುಡಿಲ್ಲ, ಆಟಿಸಂ ಇಲ್ಲ, ಬುದ್ಧಿಮಾಂದ್ಯವಿಲ್ಲ, ಮಿದುಳಿಗೆ ಪೆಟ್ಟಾಗಿಲ್ಲ, ಆದರೂ ಭಾಷೆ ಕೂಡಿಬರುವುದಿಲ್ಲ, ತಾನಾಗಿ ಸರಿಹೋಗುವ ಲಕ್ಷಣವೂ ಇಲ್ಲ. ಅಮೆರಿಕದ ಅಯೋವಾದಲ್ಲಿ 1997ರಲ್ಲಿ, ಇಂಗ್ಲೆಂಡಿನ ಸರ್ರೆಯಲ್ಲಿ 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಗಳೆರಡರಲ್ಲೂ ಶಾಲೆಗೆ ಸೇರುವ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 7 ಮಂದಿಗೆ ಇದು ಕಂಡಿತು. ಮೂವತ್ತು ಮಕ್ಕಳ ತರಗತಿಗೆ ಇಬ್ಬರು. ನಮ್ಮ ಅಂಗನವಾಡಿಗಳಲ್ಲಿ ಇಂಥ ಮಕ್ಕಳನ್ನು ‘ಮಂಕ’, ‘ಹಟಮಾರಿ’, ‘ಗಮನ ಇಲ್ಲ’ ಎಂದು ಕರೆದು ಮುಂದೆ ಹೋಗುತ್ತೇವೆ. ಕಥೆ ಹೇಳುವಾಗ ಎದ್ದುಹೋಗುವ ಹುಡುಗನಿಗೆ ಕಥೆ ಬೇಡವಾಗಿಲ್ಲ. ನಾಲ್ಕನೇ ವಾಕ್ಯಕ್ಕೆ ಅವನ ಎಳೆ ಹರಿದಿರುತ್ತದೆ. ನಿಮ್ಮ ಮಗನಿಗೆ ಇದೇ ತೊಂದರೆ ಎಂದು ಪತ್ರ ಓದಿ ಹೆಸರು ಅಂಟಿಸಲಾರೆ, ಅದು ಎದುರು ಕೂತು ಪರೀಕ್ಷಿಸಿ ಹೇಳುವ ಮಾತು. ನೀವು ಕೊಟ್ಟ ವಿವರ ಆ ದಿಕ್ಕಿಗೆ ಕೈ ತೋರಿಸುತ್ತದೆ, ಅಷ್ಟನ್ನು ಮುಚ್ಚಿಡಲೂ ಆರೆ.

ಈಗ ನಿಮಗೆ ಕೆಲಸಕ್ಕೆ ಬರುವ ಪ್ರಯೋಗ. 2009ರಲ್ಲಿ ಜೂಲಿಯಾ ಇವಾನ್ಸ್, ಸ್ಯಾಫ್ರನ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಕೂಡಿ ಆ ಹಳೆಯ ಪ್ರಯೋಗವನ್ನೇ ಭಾಷಾ ತೊಂದರೆ ಇರುವ ಶಾಲಾ ಮಕ್ಕಳ ಮೇಲೆ ಮಾಡಿದರು. 21 ನಿಮಿಷ ಅರ್ಥವಿಲ್ಲದ ಸದ್ದಿನ ಹೊಳೆ ಕೇಳಿಸಿದಾಗ ಉಳಿದ ಮಕ್ಕಳು ಶಬ್ದಗಳನ್ನು ಹೆಕ್ಕಿಕೊಂಡರು, ಇವರಿಗೆ ಸಿಗಲಿಲ್ಲ. ಹೊತ್ತನ್ನು ಇಮ್ಮಡಿ ಮಾಡಿ 42 ನಿಮಿಷ ಕೇಳಿಸಿದಾಗ ಇವರಿಗೂ ಸಿಕ್ಕಿತು. ನಾನು ತಂದೆತಾಯಿಗಳಿಗೆ ಬೇರೆಲ್ಲ ಮರೆತರೂ ಇದನ್ನು ಹೇಳದೆ ಕಳಿಸುವುದಿಲ್ಲ. ಬಾಗಿಲು ಮುಚ್ಚಿಲ್ಲ, ಉಳಿದವರಿಗೆ ಒಂದು ಸೇರು ಸಾಕಾದಲ್ಲಿ ಇವರಿಗೆ ಎರಡು ಸೇರು ಬೇಕು.

ಅದಕ್ಕೇ ನಿಮ್ಮ ಮಗ್ಗದ ಸದ್ದು ನನಗೆ ಚಿಂತೆಯ ವಿಷಯ. ಮಗ್ಗದಿಂದ ಡಿಎಲ್‌ಡಿ ಬರುವುದಿಲ್ಲ, ಇದನ್ನು ಮೊದಲೇ ಸ್ಪಷ್ಟ ಮಾಡುತ್ತೇನೆ, ಇಲ್ಲವಾದರೆ ಮನೆಯಲ್ಲಿ ಇನ್ನೊಂದು ಜಗಳ ಶುರುವಾಗುತ್ತದೆ. ಅದು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ ಒಲವು, ಮನೆತನದಲ್ಲಿ ಹರಿದುಬರುವುದೂ ಉಂಟು. ನಿಮ್ಮ ಕಡೆಗೋ ಮನೆಯವರ ಕಡೆಗೋ ತಡವಾಗಿ ಮಾತು ಬಂದವರು, ಓದು ಕಷ್ಟವಾದವರು ಇದ್ದರೆ ಪರೀಕ್ಷೆಗೆ ಹೋದಾಗ ಹೇಳಿ. ಆದರೆ ಪವರ್‌ಲೂಮ್ ಓಡುವ ಶೆಡ್ಡಿನಲ್ಲಿ 90 ಡೆಸಿಬೆಲ್ ದಾಟುವುದು ಸಾಮಾನ್ಯ; ಎದುರುಬದುರು ಕೂತು ಆಡುವ ಮಾತು ಸುಮಾರು 60. ದೊಡ್ಡವರಾದ ನಮಗೆ ಭಾಷೆ ಮೊದಲೇ ಗೊತ್ತಿರುವುದರಿಂದ ಕೇಳಿಸದೆ ಹೋದದ್ದನ್ನು ತುಂಬಿಕೊಳ್ಳುತ್ತೇವೆ. ಕಲಿಯುತ್ತಿರುವ ಕೂಸು ತುಂಬಿಕೊಳ್ಳುವುದು ಎಲ್ಲಿಂದ? ಮೊದಲು ಮುಳುಗುವುದು ಆ ಸಣ್ಣ ಬಾಲಗಳೇ. ಇನ್ನೊಂದನ್ನೂ ನಾನು ರಬಕವಿ, ಬನಹಟ್ಟಿ, ಇಳಕಲ್ಲಿನ ಮನೆಗಳವರಿಂದ ಕೇಳಿದ್ದೇನೆ: ಮಗ್ಗದ ಹತ್ತಿರ ಮಾತು ತಾನಾಗಿ ಚಿಕ್ಕದಾಗುತ್ತದೆ. ‘ನೀರು!’ ‘ಬಾ!’ ‘ಬಂದ್ ಮಾಡು!’ ಉಳಿದದ್ದು ಕೈಸನ್ನೆ. ಎರಡು ಸೇರು ಬೇಕಾದ ಹುಡುಗನಿಗೆ ಅಲ್ಲಿ ಅರ್ಧ ಸೇರೂ ಸಿಗುವುದಿಲ್ಲ. ಮಗ್ಗ ನಿಲ್ಲಿಸಿ ಎಂದು ಹೇಳಲು ನಾನು ಯಾರು, ಅದು ನಿಮ್ಮ ಅನ್ನ. ಆದರೆ ಅವನ ಆಟ, ಊಟ, ಮಾತು ಶೆಡ್ಡಿನಿಂದ ದೂರದ ಕೋಣೆಯಲ್ಲಿ ಆಗಲಿ, ನಡುವಿನ ಬಾಗಿಲು ಹಾಕಿರಲಿ. ಕಂಡಿಕೆ ಜೋಡಿಸುವ ಆಟವನ್ನು ಒಳಗೆ ಒಯ್ಯಿರಿ.

ಇನ್ನು ಮನೆಯಲ್ಲಿ ಏನು ಮಾಡಬೇಕು. ಎರಡು ಸೇರು ಬೇಕು ಅಂದೊಡನೆ ಹೆಚ್ಚಿನವರು ಮಾಡುವುದು ಒಂದೇ ವಾಕ್ಯವನ್ನು ಐವತ್ತು ಸಲ ಹೇಳಿಸುವುದು. ‘ಅನ್ನು, ಅಪ್ಪ ಅಂಗಡಿಗಿ ಹೋದ. ಅನ್ನು!’ ಮಗು ಗಿಳಿಯಂತೆ ಹೇಳುತ್ತದೆ, ಮರುದಿನ ‘ಅವ್ವ ಸಂತಿ ಹೋಗು’ ಅನ್ನುತ್ತದೆ. ಅಂಗಡಿಯ ವಾಕ್ಯ ಬಾಯಿಪಾಠವಾಯಿತು, ‘ಗಿ’ಯ ಅಚ್ಚು ಆಗಲಿಲ್ಲ. ಅಚ್ಚು ಆಗಬೇಕಾದರೆ ಬಾಲ ನಿಲ್ಲಬೇಕು, ತಲೆ ಬದಲಾಗುತ್ತಿರಬೇಕು. ರೆಬೆಕಾ ಗೋಮೆಜ್ 2002ರಲ್ಲಿ ಇದನ್ನು 18 ತಿಂಗಳ ಮಕ್ಕಳಲ್ಲಿ ನೋಡಿದರು: ಮೊದಲ ಮತ್ತು ಕೊನೆಯ ಸದ್ದು ಜೋಡಿಯಾಗಿದ್ದು ನಡುವಿನ ಶಬ್ದ ಮಾತ್ರ ಬದಲಾಗುವ ಸಾಲುಗಳು. ನಡುವೆ 3 ಬಗೆಯ ಶಬ್ದ ಇದ್ದಾಗ ಜೋಡಿ ಹೊಳೆಯಲಿಲ್ಲ, 12 ಇದ್ದಾಗಲೂ ಇಲ್ಲ, 24 ಆದಾಗ ಹೊಳೆಯಿತು. ನಡುವಿನದು ಹಿಡಿಯಲಾರದಷ್ಟು ಬದಲಾದಾಗ ಕಿವಿ ಅದನ್ನು ಬಿಟ್ಟು ಬದಲಾಗದ್ದರ ಮೇಲೆ ಕೂತುಕೊಳ್ಳುತ್ತದೆ. ಅರಿಝೋನಾದ ಎಲೆನಾ ಪ್ಲಾಂಟೆ ಮತ್ತು ಸಂಗಡಿಗರು ಇದನ್ನೇ ಚಿಕಿತ್ಸೆಗೆ ತಂದು 2014ರಲ್ಲಿ ಪ್ರಕಟಿಸಿದರು. ಭಾಷಾ ತೊಂದರೆ ಇರುವ ಚಿಕ್ಕ ಮಕ್ಕಳಿಗೆ ಕ್ರಿಯಾಪದದ ಬಾಲ ಕಲಿಸುವಾಗ ಒಂದು ಗುಂಪಿಗೆ 12 ಕ್ರಿಯಾಪದಗಳನ್ನೇ ಎರಡೆರಡು ಸಲ, ಇನ್ನೊಂದಕ್ಕೆ 24 ಬೇರೆ ಬೇರೆಯವನ್ನು ಒಂದೊಂದು ಸಲ ಬಳಸಿದರು. ಕೇಳಿಸಿದ ಸಲ ಅಷ್ಟೇ. ಮುಂದೆ ಬಂದದ್ದು 24ರ ಗುಂಪು.

ಹಾಗಾಗಿ ರೊಟ್ಟಿ ಬಡಿಸುವಾಗ: ಅಪ್ಪಗ ರೊಟ್ಟಿ, ಅಜ್ಜಗ ರೊಟ್ಟಿ, ಅಕ್ಕಗ ರೊಟ್ಟಿ, ನಾಯಿಗಿ ರೊಟ್ಟಿ, ಆಕಳಿಗಿ ರೊಟ್ಟಿ. ಅವನ ಕೈಯಲ್ಲೇ ಕೊಡಿಸಿ. ಕಂಡಿಕೆ ಅಡಗಿಸಿ ಹುಡುಕುವ ಆಟ: ಬುಟ್ಟ್ಯಾಗ ಐತಿ, ಡಬ್ಬ್ಯಾಗ ಐತಿ, ಚೀಲದಾಗ ಐತಿ, ಕಿಸೇದಾಗ ಐತಿ, ಅಜ್ಜನ ಟೊಪಿಗ್ಯಾಗ ಐತಿ! ಕೊನೆಯದು ಬಂದಾಗ ನಗಬೇಕು, ನಗು ಬಂದದ್ದು ಉಳಿಯುತ್ತದೆ. ಒಂದು ವಾರ ಒಂದೇ ಬಾಲ ಸಾಕು. ‘ಆಗ’ದ ವಾರದಲ್ಲಿ ‘ಗಿ’ ತಪ್ಪಿದರೆ ಬಿಟ್ಟುಬಿಡಿ. ಬಾಲವನ್ನು ಸ್ವಲ್ಪ ಎಳೆದು, ಸ್ವಲ್ಪ ಹಾಡಿದಂತೆ ಹೇಳಿ, ನಮ್ಮ ಜವಾರಿ ಮಾತಿಗೆ ಆ ಎಳೆತ ಹೊಸದೇನಲ್ಲ. ಪುಸ್ತಕದ ಕನ್ನಡ ಬೇಡ. ‘ಮನೆಯಲ್ಲಿ’ ಎಂದು ಅಂಗನವಾಡಿಯಲ್ಲಿ, ‘ಮನ್ಯಾಗ’ ಎಂದು ಮನೆಯಲ್ಲಿ ಕೇಳಿದರೆ ಅವನಿಗೆ ಸದ್ಯ ಅದೂ ಒಂದು ಹೊರೆಯೇ. ಮನೆಯಲ್ಲಿ ನಿಮ್ಮ ಮಾತೇ ಇರಲಿ.

ಅವನು ತಪ್ಪು ಹೇಳಿದಾಗ ತಿದ್ದಬೇಡಿ, ತಿರುಗಿ ಹೇಳಿ. ‘ಅಪ್ಪ ಅಂಗಡಿ ಹೋಗು’ ಅಂದನೋ, ‘ಹೌದಪಾ, ಅಪ್ಪ ಅಂಗಡಿಗಿ ಹೋದ, ಸಕ್ರಿ ತರಾಕ ಹೋದ’ ಎಂದು ಮುಂದೆ ಸಾಗಿ. ಅವನಿಂದ ಹೇಳಿಸುವ ಹಟ ಬೇಡ. ಅವನ ತಲೆಯಲ್ಲಿ ಆ ಸಂಗತಿ ಇನ್ನೂ ಬಿಸಿಯಾಗಿರುವಾಗಲೇ ಸರಿಯಾದ ರೂಪ ಕಿವಿಗೆ ಬೀಳಬೇಕು, ಅದೇ ಮುಖ್ಯ. ದಿನಕ್ಕೆ ಒಂದೆರಡು ಸಲ ಬಿದ್ದರೆ ಸಾಲದು; ಅರ್ಧ ತಾಸಿನ ಆಟದಲ್ಲಿ ಇಪ್ಪತ್ತು ಇಪ್ಪತ್ತೈದು ಸಲ ಬೀಳಬೇಕು.

ಅವನ ಕಣ್ಣಿನ ಜಾಣತನವನ್ನೂ ದುಡಿಸಿಕೊಳ್ಳಬಹುದು. ಓಡಿಹೋಗುವ ಮಾತಿಗೆ ನಿಲ್ಲುವ ರೂಪ ಕೊಡುವುದು. ಇಂಗ್ಲೆಂಡಿನ ಸೂಸನ್ ಎಬೆಲ್ಸ್ ವಾಕ್ಯದ ಒಂದೊಂದು ಭಾಗಕ್ಕೆ ಒಂದೊಂದು ಆಕಾರ, ಬಣ್ಣ ಕೊಟ್ಟು ಕಲಿಸುವ ಕ್ರಮವೊಂದನ್ನು ಬೆಳೆಸಿದ್ದಾರೆ. ಅದನ್ನು ಬಳಸುವುದು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿಗೆ. ನಿಮ್ಮ ಮನೆಯಲ್ಲಿ ಬಣ್ಣದ ಕಂಡಿಕೆಗಳೇ ಇವೆಯಲ್ಲ. ಕೆಂಪು ಇಟ್ಟು ‘ಅಪ್ಪ’, ಹಸಿರು ಇಟ್ಟು ‘ಅಂಗಡಿಗಿ’, ಹಳದಿ ಇಟ್ಟು ‘ಹೋದ’. ಕೆಂಪು ಬದಲಿಸಿ ‘ಅಜ್ಜ’. ಮಾತಿನ ಥೆರಪಿಸ್ಟ್ ಹತ್ತಿರ ಹೋದಾಗ ಈ ಆಟ ತೋರಿಸಿ, ಅವನಿಗೆ ಹೊಂದುತ್ತದೋ ಅವರು ನೋಡಿ ಹೇಳುತ್ತಾರೆ.

ಮರಾಠಿಯ ಮಾತು. ಇದರಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಖಾನಾಪುರ ಕಡೆಯ ಒಂದು ಮನೆಯವರಿಗೆ, ಮಗುವಿನ ಜೊತೆ ಒಂದೇ ಭಾಷೆ ಆಡಿ, ಕನ್ನಡ ಶಾಲೆಗೆ ಹಾಕುವವರಿದ್ದೀರಿ, ಕನ್ನಡವನ್ನೇ ಆಡಿ ಎಂದೆ. ಮೂರು ತಿಂಗಳ ಮೇಲೆ ಬಂದರು. ದಿನವಿಡೀ ಆ ಮಗುವಿನ ಜೊತೆ ಇರುತ್ತಿದ್ದವಳು ಅಜ್ಜಿ, ಆಕೆಗೆ ಬರುತ್ತಿದ್ದುದು ಮರಾಠಿ ಒಂದೇ. ನನ್ನ ಮಾತು ಕೇಳಿ ಆಕೆ ಮೊಮ್ಮಗಳ ಜೊತೆ ಮಾತನ್ನೇ ಬಿಟ್ಟಿದ್ದಳು. ಆ ಮಗುವಿನ ಅರ್ಧ ಭಾಷೆಯನ್ನು ನಾನೇ ಕಿತ್ತುಕೊಂಡಂತಾಯಿತು. ಎರಡು ಭಾಷೆಯಿಂದ ಡಿಎಲ್‌ಡಿ ಬರುವುದಿಲ್ಲ, ಹೆಚ್ಚಾಗುವುದೂ ಇಲ್ಲ. ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಫ್ರೆಂಚ್-ಇಂಗ್ಲಿಷ್ ಎರಡನ್ನೂ ಆಡುವ, ಭಾಷಾ ತೊಂದರೆ ಇರುವ ಮಕ್ಕಳನ್ನು ಒಂದೇ ಭಾಷೆ ಆಡುವ ಅಂಥದೇ ಮಕ್ಕಳೊಂದಿಗೆ ಹೋಲಿಸಿದರು. ತೊಂದರೆ ಹೆಚ್ಚೇನೂ ಇರಲಿಲ್ಲ. ನಮ್ಮ ಗಡಿಯಲ್ಲಿ ಇನ್ನೊಂದು ಅನುಕೂಲವಿದೆ. ಮರಾಠಿಯೂ ಕನ್ನಡದ ಹಾಗೆ ಬಾಲ ಹಚ್ಚುವ ಭಾಷೆ. ಮನೆಯವರು ‘ಡಬ್ಬ್ಯಾಗ, ಚೀಲದಾಗ, ಕಿಸೇದಾಗ’ ಅಂದರೆ ನೀವು ‘ಡಬ್ಯಾತ್, ಪಿಶವೀತ್, ಖಿಶಾತ್’ ಅನ್ನಿ. ಜಾಗದ ಸುದ್ದಿ ಶಬ್ದದ ಕೊನೆಯಲ್ಲಿ ಬರುತ್ತದೆ ಎಂಬುದು ಎರಡೂ ಕಡೆಯಿಂದ ಕಿವಿಗೆ ಬೀಳುತ್ತದೆ. ನಿಮಗೆ ಯಾವ ಭಾಷೆಯಲ್ಲಿ ಲಾಲಿ, ಬೈಗುಳ, ಕಥೆ ಸಲೀಸಾಗಿ ಬರುತ್ತವೋ ಅದನ್ನೇ ಆಡಿ. ಪರೀಕ್ಷೆಯನ್ನೂ ಎರಡೂ ಭಾಷೆಯಲ್ಲಿ ಮಾಡಿಸಿ. ಮಾದರಿ ಹಿಡಿಯುವ ತೊಂದರೆಯಾದರೆ ಎರಡರಲ್ಲೂ ಕಾಣುತ್ತದೆ.

ಬಜೆಯಿಂದ ನಾಲಿಗೆ ತಿರುಗುವುದಿಲ್ಲ. ತೊಂದರೆ ನಾಲಿಗೆಯಲ್ಲೇ ಇಲ್ಲ. ಅತ್ತೆಯವರ ಪ್ರೀತಿಯನ್ನು ರೊಟ್ಟಿಯ ಆಟದ ಕಡೆ ತಿರುಗಿಸಿ, ಅವರಷ್ಟು ಚೆಂದ ಆ ಆಟ ಯಾರೂ ಆಡಲಾರರು. ಎಳೆಗೂಸುಗಳಿಗೆ ಮಾತ್ರ ಬಜೆಯ ಜೊತೆ ಜೇನು ನೆಕ್ಕಿಸುವುದು ಅಪಾಯ, ಒಂದು ವರ್ಷದ ಒಳಗೆ ಜೇನು ಕೂಡದು. ಗಂಡುಹುಡುಗರು ತಡ ಎಂಬ ಮಾತಿನಲ್ಲಿ ಒಂದು ಚೂರು ನಿಜವಿದೆ, ಎರಡು ವರ್ಷಕ್ಕೆ ಮಾತು ತಡವಾದ ಮಕ್ಕಳಲ್ಲಿ ಬಹಳಷ್ಟು ಮಂದಿ ತಾವಾಗಿ ಸರಿದೂಗಿಸಿಕೊಳ್ಳುತ್ತಾರೆ. ನಾಲ್ಕು ದಾಟಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಮೊಬೈಲು ತಿರುಗಿ ಉತ್ತರ ಕೊಡುವುದಿಲ್ಲ, ಅದರಿಂದ ಈ ಬಾಲಗಳು ಬರುವುದಿಲ್ಲ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಕಿವಿ ಪರೀಕ್ಷೆ ಯಾಕೆ ಮೊದಲು? ಕರೆದರೆ ತಿರುಗುತ್ತಾನೆ ಎಂದು ನೀವು ಅನ್ನಬಹುದು. ನೆಗಡಿ ಆಗಿ ಆಗಿ ಕಿವಿಯ ನಡುಭಾಗದಲ್ಲಿ ನೀರು ನಿಂತ ಮಕ್ಕಳೂ ಕರೆದರೆ ತಿರುಗುತ್ತಾರೆ, ‘ಗಿ’ ಮತ್ತು ‘ಳು’ ಮಾತ್ರ ತಪ್ಪಿಸಿಕೊಳ್ಳುತ್ತವೆ. ಈ ವಯಸ್ಸಿಗೆ ಪರೀಕ್ಷೆ ಆಟದಂತೆಯೇ ಇರುತ್ತದೆ: ಸದ್ದು ಕೇಳಿದಾಗಲೆಲ್ಲ ಒಂದು ಗೊಂಬೆಯನ್ನು ಬುಟ್ಟಿಗೆ ಹಾಕುವುದು. ಕೇಂದ್ರ ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಮಾತು-ಭಾಷೆ ತಡವಾಗುವುದೂ ಸೇರಿದೆ. ಆ ತಂಡದವರು ಅಂಗನವಾಡಿಗೆ ತಪಾಸಣೆಗೆ ಬರುತ್ತಾರೆ, ಕಾರ್ಯಕರ್ತೆಯನ್ನು ಕೇಳಿ ದಿನ ತಿಳಿದುಕೊಳ್ಳಿ. ಅವರ ಚೀಟಿ ಹಿಡಿದು, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋದರೆ ಖರ್ಚಿಲ್ಲದೆ ನೋಡುತ್ತಾರೆ. ವಾಕ್-ಶ್ರವಣ ತಜ್ಞರು ಹತ್ತಿರ ಸಿಗದಿದ್ದರೆ ಬೆಳಗಾವಿಗೋ ವಿಜಯಪುರಕ್ಕೋ ಒಮ್ಮೆ ಬನ್ನಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ದೂರ, ಗೊಂದಲ ಉಳಿದರೆ ಆಮೇಲೆ ಯೋಚಿಸೋಣ. ತಜ್ಞರ ಹತ್ತಿರ ಹೋದಾಗ ಅವನಿಗೆ ‘ಟಮುಕಿ’, ‘ಬದಿಸೋಮೆ’ ಎಂಬಂಥ ಅರ್ಥವಿಲ್ಲದ ಶಬ್ದ ಹೇಳಿ ಹಾಗೇ ತಿರುಗಿ ಹೇಳಿಸುತ್ತಾರೆ, ಶಬ್ದ ಉದ್ದವಾದಂತೆ ಎಲ್ಲಿ ಬೀಳುತ್ತಾನೆ ನೋಡುತ್ತಾರೆ. ಇದೆಂಥ ಹುಚ್ಚು ಪರೀಕ್ಷೆ ಎಂದು ಸಿಟ್ಟಾಗಬೇಡಿ. ಗೊತ್ತಿರುವ ಶಬ್ದವಾದರೆ ನೆನಪು ಆಸರೆ ಕೊಟ್ಟುಬಿಡುತ್ತದೆ, ಬರೀ ಸದ್ದನ್ನು ಹಿಡಿಯುವ ಬಲ ತಿಳಿಯುವುದು ಹೀಗೆಯೇ.

ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ಹೊಸ ಜಾಗದಲ್ಲಿ, ಹೊಸ ಮುಖದ ಎದುರು ಅವನು ಬಾಯಿ ಬಿಡಲಿಕ್ಕಿಲ್ಲ. ಅವನು ಹೇಳಿದ ಇಪ್ಪತ್ತು ವಾಕ್ಯಗಳನ್ನು, ಕನ್ನಡದವೂ ಮರಾಠಿಯವೂ, ಹೇಗೆ ಹೇಳಿದನೋ ಹಾಗೆಯೇ, ತಿದ್ದದೆ ಬರೆದಿಡಿ. ಅವನು ಹೇಳಹೊರಟದ್ದು ಏನಿತ್ತು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಕರೆಂಟು ಹೋಗಿ ನಾಲ್ಕೂ ಮಗ್ಗ ಒಮ್ಮೆಲೇ ಸುಮ್ಮನಾದ ಹೊತ್ತು ನೋಡಿ ಮಾಡಿ, ಅಜ್ಜಿ ಪಕ್ಕದಲ್ಲಿರಲಿ, ಕಂಡಿಕೆ ಬುಟ್ಟಿಯೂ ಇರಲಿ.